ಗೌರಮ್ಮ ಅತ್ತಿಗೆಯ ಕಾರು ಮೂರು ಇಂಚು ಇಳಿದ ಮಳೆಗಾಲ

ಚಕ್ರವನ್ನು ಕಂಡುಹಿಡಿದವನನ್ನು ಮನುಷ್ಯಕುಲ ಇಂದಿಗೂ ಕೊಂಡಾಡುತ್ತದೆ. ಉರುಳುವ ಚಕ್ರವನ್ನು ನಿಲ್ಲಿಸುವ ಉಪಾಯ ಕಂಡುಹಿಡಿದವನನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಈ ಕೃತಘ್ನತೆಯ ಬಗ್ಗೆ ನಾನು ಆಳವಾಗಿ ಚಿಂತಿಸಿದ್ದೇನೆ. ಚಿಂತನೆಗೆ ದೊರೆತ ಒಟ್ಟು ಕಾಲ ಐದಾರು ಸೆಕೆಂಡು. ಜಕ್ಕೂರು ಕೆರೆಯ ಏರಿಯಿಂದ ಇಳಿಯುವ ರಸ್ತೆಯಲ್ಲಿ ನಮ್ಮ ಅತ್ತಿಗೆ ಮೂರನೇ ಸಲ ಬ್ರೇಕು ತುಳಿದ ಮೇಲೂ ಕಾರು ತನ್ನ ಪಾಡಿಗೆ ತಾನು ಒಂದು ಎಳನೀರಿನ ಗಾಡಿಯ ಕಡೆಗೆ ಹೊರಟಿತ್ತು.

ನಾಲ್ಕನೇ ತುಳಿತಕ್ಕೆ ನಿಂತಿತು. ಎಳನೀರಿನವನು ಕೈಯಲ್ಲಿದ್ದ ಮಚ್ಚನ್ನು ಕೆಳಗಿಡದೆ ನಮ್ಮನ್ನು ನೋಡಿ, "ಅಮ್ಮಾ, ಎಷ್ಟು ಕಾಯಿ ಬೇಕು ಅಂತ ಅಲ್ಲಿಂದ್ಲೇ ಕೂಗಿದ್ರೆ ತಂದ್ಕೊಡ್ತಿದ್ನಲ್ಲ" ಎಂದ. ನಾವು ಎರಡು ಎಳನೀರು ಕುಡಿದೆವು. ಕುಡಿಯದೆ ಹೊರಡುವುದು ಸಭ್ಯತೆ ಅನ್ನಿಸಲಿಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ. ಆರ್.ಟಿ. ನಗರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ಯಾರದೋ ಕೈಜಾರಿ ಬ್ರೇಕ್ ಆಯಿಲ್ ಡಬ್ಬ ಬಿದ್ದು ಒಡೆದಿತ್ತು. ಅರ್ಧ ಸಿಹಿ, ಅರ್ಧ ಮೀನು ಎನ್ನಬಹುದಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದ ಹಿಂದಿನ ಆ ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತು.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇತರರ ಜಮೀನು ಅಳೆದು ನಿವೃತ್ತನಾದವನು. ಗೌರಮ್ಮ ನನ್ನ ತೀರಿಹೋದ ಅಣ್ಣನ ಹೆಂಡತಿ. ಆಗ ಅವರಿಗೆ ಅರವತ್ತೆರಡು. ಅಣ್ಣ ಹೋದ ವರ್ಷವೇ ಡ್ರೈವಿಂಗ್ ಕಲಿತರು. ಯಾರನ್ನೂ ಕೇಳಲಿಲ್ಲ. ಹುಣಸಮಾರನಹಳ್ಳಿಯ ಹತ್ತಿರ ಕುಟುಂಬಕ್ಕೆ ಉಳಿದಿದ್ದ ಇಪ್ಪತ್ತು ಗುಂಟೆಯಲ್ಲಿ ಎರಡು ಹಸುಗಳಿದ್ದವು. ರಾತ್ರಿ ಅವುಗಳ ಮೇಲೆ ಕಣ್ಣಿಡಲು ಪಕ್ಕದ ತೋಟದವರಿದ್ದರು. ಹಾಲು ಕರೆಯುವುದಕ್ಕೆ ಮಾತ್ರ ಅತ್ತಿಗೆಯೇ ಆಗಬೇಕು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಆ ಹಸುಗಳು ಹಾಲಿನ ಬದಲು ಒದೆ ಕೊಡುತ್ತಿದ್ದವು. ಹೀಗಾಗಿ ಬೆಳಗ್ಗೆ ಐದೂಕಾಲಿಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಅತ್ತಿಗೆ ಜಕ್ಕೂರಿನಿಂದ ಹೊರಡುತ್ತಿದ್ದರು.

ಕಾರು ಅಣ್ಣನದು. ಬಿಳಿ ಬಣ್ಣದ, ದುಂಡು ಮೈಯ, ಒಂದು ಕಾಲದಲ್ಲಿ ಮಂತ್ರಿಗಳಿಗೂ ಬಾಡಿಗೆ ಟ್ಯಾಕ್ಸಿಯವರಿಗೂ ಭೇದವಿಲ್ಲದೆ ಸೇವೆ ಸಲ್ಲಿಸಿದ ಜಾತಿ. ತಯಾರಿಸುವವರು ಈಗ ತಯಾರಿಸುತ್ತಿಲ್ಲವಾದ್ದರಿಂದ ಹೆಸರು ಹೇಳಿ ಅವರ ವಿಶ್ರಾಂತಿಗೆ ಭಂಗ ತರುವುದಿಲ್ಲ. ಡಿಕ್ಕಿಯಲ್ಲಿ ಬೂಸಾ ಮೂಟೆ ಹೇರಲು ಅನುಕೂಲವಾಗಲೆಂದು ಅಣ್ಣ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿದ್ದ. ಹಿಂಭಾಗ ಎದ್ದಿತೆಂದು ಮುಂಭಾಗವನ್ನೂ ಎಬ್ಬಿಸಿದ್ದ. ಒಟ್ಟಿನಲ್ಲಿ ಆ ಕಾರು ಸೀರೆಯನ್ನು ಎತ್ತಿ ಹಿಡಿದು ಹಳ್ಳ ದಾಟುವ ಹೆಂಗಸಿನಂತೆ ಸದಾ ನಿಂತಿರುತ್ತಿತ್ತು.

ಈಗ ನನ್ನ ಅಪರಾಧಕ್ಕೆ ಬರೋಣ.

ಜಕ್ಕೂರಿನ ನಮ್ಮ ಹಳೆ ಜಮೀನನ್ನು ಬಿಲ್ಡರ್ ಒಬ್ಬರಿಗೆ ಜಂಟಿಯಾಗಿ ಕಟ್ಟಲು ಕೊಟ್ಟಾಗ ಒಪ್ಪಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ಅಳತೆಯ ಮನುಷ್ಯನಲ್ಲವೇ! ಪ್ರತಿ ಫ್ಲಾಟಿನ ಪ್ರತಿ ಕೋಣೆಯನ್ನೂ ಟೇಪು ಹಿಡಿದು ಅಳೆದೆ. ಒಂದು ಬಚ್ಚಲುಮನೆ ಎರಡು ಇಂಚು ಕಡಿಮೆ ಬಂದಿದ್ದಕ್ಕೆ ಗೋಡೆಯನ್ನೇ ಒಡೆಸಿದೆ. ಕೊನೆಯ ಪುಟದಲ್ಲಿ ಪಾರ್ಕಿಂಗ್ ಬಗ್ಗೆ ಇದ್ದದ್ದು ನಾಲ್ಕೇ ಸಾಲು. ನಮ್ಮ ಭಾಗದ ಜಾಗವೆಲ್ಲ ಯಂತ್ರದ ಪಾರ್ಕಿಂಗಿನಲ್ಲಿ ಎಂದಿತ್ತು. ಕಾರನ್ನು ಕಬ್ಬಿಣದ ತಟ್ಟೆಯೊಂದರ ಮೇಲೆ ನಿಲ್ಲಿಸಿದರೆ ಯಂತ್ರ ಅದನ್ನು ಎತ್ತಿ ಮೇಲಿನ ಅಂತಸ್ತಿನಲ್ಲಿಡುತ್ತದೆ. ವಿಜ್ಞಾನದ ಮುನ್ನಡೆಗೆ ಸಂತೋಷಪಟ್ಟು ಸಹಿ ಹಾಕಲು ಹೇಳಿದೆ. ಮೂರನೇ ಸಾಲಿನಲ್ಲಿ ವಾಹನದ ಎತ್ತರ ಸಾವಿರದ ಐನೂರ ಐವತ್ತು ಮಿಲಿಮೀಟರ್ ಮೀರಬಾರದು ಎಂದಿತ್ತು. ಅದನ್ನೂ ಓದಿದೆ. ಮನೆ ಮುಂದೆ ನಿಂತಿದ್ದ ಕಾರಿನ ಕಡೆ ಒಮ್ಮೆ ತಿರುಗಿ ನೋಡಲಿಲ್ಲ, ಅಷ್ಟೇ.

ಕಟ್ಟಡ ಎದ್ದ ಮೇಲೂ ಎರಡು ವರ್ಷ ಅತ್ತಿಗೆಯ ಕಾರು ಬೀದಿಯಲ್ಲೇ ನಿಂತಿತು. ಆಷಾಢ ಮುಗಿಯುವ ಹೊತ್ತಿಗೆ ಕಾಂಕ್ರೀಟ್ ರಸ್ತೆ ಮಾಡಲು ಬೀದಿ ಅಗೆಯುವುದಾಗಿ ಗೊತ್ತಾಯಿತು. ಆಯುಧಪೂಜೆಯ ನಂತರ ಹೊರಗೆ ಯಾವ ಗಾಡಿಯೂ ನಿಲ್ಲುವಂತಿಲ್ಲ, ಒಳಗೆ ತಂದುಕೊಳ್ಳಿ ಎಂದು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ನೋಟೀಸು ಅಂಟಿಸಿದರು. ಅಂದು ಸಂಜೆ ನಾನು ಟೇಪು ಹಿಡಿದು ಕಾರಿನ ಸುತ್ತ ತಿರುಗಿದೆ. ಸಾವಿರದ ಆರುನೂರ ಇಪ್ಪತ್ತನಾಲ್ಕು ಮಿಲಿಮೀಟರ್. ಮೂರು ಇಂಚು ಹೆಚ್ಚು.

ಅತ್ತಿಗೆಯ ಮಗ ಮಂಜುಗೆ ಇದೊಂದು ಸಮಸ್ಯೆ ಎಂದೇ ಅನಿಸಲಿಲ್ಲ. "ಅಮ್ಮಾ, ಅದನ್ನ ಗುಜರಿಗೆ ಹಾಕು. ಹೊಸ ಆಟೋಮ್ಯಾಟಿಕ್ ಕೊಡಿಸ್ತೀನಿ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ, ಕೂತ್ಕೊಂಡ್ರೆ ಹೋಗುತ್ತೆ" ಎಂದ.

"ಆ ಹೊಸ ಗಾಡಿಯಾಗೆ ಬೂಸಾ ಮೂಟೆ ಆಕ್ಕಂಡು ಓಗಕ್ ಬಿಡ್ತೀಯೇನೋ? ಸಗಣಿ ಕಾಲಲ್ಲಿ ಅತ್ತಕ್ ಬಿಡ್ತೀಯಾ?"

ಮಂಜು ಕಾರಿಗೆ ಹತ್ತುವ ಮೊದಲು ಬೂಟು ಬಡಿದು ಹತ್ತುವವನು.

"ಸರಿ, ಹಾಗಾದ್ರೆ ಹಸೂನೇ ಕೊಟ್ಬಿಡೋಣ. ಈ ವಯಸ್ಸಲ್ಲಿ ನಿಂಗ್ಯಾಕಮ್ಮಾ?"

ಅತ್ತಿಗೆ ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಏನಪ್ಪಾ ಸರ್ವೇ ಸಾಹೇಬ್ರೇ, ಕಾಗ್ಜ ಓದ್ದೋರು ನೀವು. ಈಗ ಏಳಿ, ಗಾಡಿ ಇಳಿಸ್ತೀರೋ, ಅಸೂನ ಇಳಿಸ್ತೀರೋ?"

ಅತ್ತಿಗೆ ನನಗೆ ಬಹುವಚನ ಹಚ್ಚುವುದು ಸಿಟ್ಟು ಬಂದಾಗ ಮಾತ್ರ. ಗಾಡಿ ಇಳಿಸುತ್ತೇನೆ ಎಂದೆ.

ಇಳಿಸುವವರು ಸಿಕ್ಕಲಿಲ್ಲ. ಹೋದ ಗ್ಯಾರೇಜಿನವರೆಲ್ಲ ನನ್ನ ನೆರೆತ ತಲೆ ನೋಡಿ, ಮೊಮ್ಮಗನನ್ನು ಕಳಿಸಿ ಎನ್ನುತ್ತಿದ್ದರು. ಕಾರನ್ನು ತಗ್ಗಿಸಿ ಓಡಿಸುವುದು ಪಡ್ಡೆ ಹುಡುಗರ ಚಟವಂತೆ. ಕೊನೆಗೆ ಹೆಬ್ಬಾಳದ ಒಂದು ಒಳರಸ್ತೆಯಲ್ಲಿ, ತಗಡಿನ ಮಾಡಿನ ಕೆಳಗೆ ಸೆಲ್ವಣ್ಣ ಸಿಕ್ಕಿದರು. ನನ್ನದೇ ವಯಸ್ಸು. ಹಿಂದೊಮ್ಮೆ ಕಾಲೇಜು ಹುಡುಗರ ಕಾರುಗಳನ್ನು ನೆಲ ಮುಟ್ಟುವಷ್ಟು ಇಳಿಸಿ ಹೆಸರು ಮಾಡಿದ್ದವರು. ನಾನು ವಿಷಯ ಹೇಳಿದೆ. ಅವರು ಕಾರನ್ನು ನೋಡಲಿಲ್ಲ. ಸ್ಟೀರಿಂಗ್ ಹಿಂದೆ ಕೂತಿದ್ದ ಅತ್ತಿಗೆಯನ್ನು ನೋಡಿದರು.

"ಅಮ್ಮಾ, ಗಾಡಿ ಓಡ್ಸೋದು ನೀವೇನಾ?"

"ಊಂ."

"ಬ್ರೇಕ್ ಎಷ್ಟು ಸಲ ತುಳೀತೀರಾ?"

"ಮೂರು. ಒಂದೊಂದ್ ಕಿತ ನಾಕು."

ಸೆಲ್ವಣ್ಣ ಕೈ ಮುಗಿದರು. ದೇವರಿಗೆ ಮುಗಿಯುವಂತೆಯೇ. "ಸಾರ್, ಇಳ್ಸೋದು ಆಮೇಲೆ. ಮೊದ್ಲು ಇದು ನಿಲ್ಲೋದು ಕಲೀಲಿ. ತಟ್ಟೆ ಮೇಲೆ ನಾಕನೇ ತುಳಿತಕ್ಕೆ ನಿಂತ್ರೆ ಗೋಡೆ ಆಚೆ ಕಡೆ ನಿಂತಿರುತ್ತೆ."

ಕೀಲಿ ಕೊಟ್ಟು ಬಂದೆವು. ಒಂದು ವಾರ ಎಂದದ್ದು ಐದು ವಾರವಾಯಿತು. ಗ್ಯಾರೇಜಿನ ಪಂಚಾಂಗದಲ್ಲಿ ಇದು ಸಕಾಲ. ನಾಲ್ಕು ಚಕ್ರ ಬಿಚ್ಚಿದಾಗ ಮೂರರಲ್ಲಿ ಬ್ರೇಕ್ ಆಯಿಲ್ ಸೋರಿ ಚಕ್ರವನ್ನು ಹಿಡಿದು ನಿಲ್ಲಿಸುವ ಲೈನರುಗಳು ಸಾರಿನಲ್ಲಿ ಬಿದ್ದ ಹಪ್ಪಳದಂತೆ ಮೆದುವಾಗಿದ್ದವು. ನಾಲ್ಕನೆಯದರ ಬ್ರೇಕು ತುಕ್ಕು ಹಿಡಿದು ಅಲ್ಲಾಡದೆ ಕೂತಿತ್ತು. "ಒಂದೇ ಒಂದು ಚಕ್ರ ಡ್ಯೂಟಿ ಮಾಡ್ತಿತ್ತು ಅಂತ ಅಂದ್ಕೊಂಡಿದ್ರೆ, ಅದೂ ಇಲ್ಲ ಸಾರ್. ನಿಮ್ಮ ಗಾಡಿ ನಿಲ್ತಿದ್ದಿದ್ದು ಮರ್ಯಾದೆಗೆ" ಎಂದರು ಸೆಲ್ವಣ್ಣ. ಬ್ರೇಕಿನ ಡ್ರಮ್ಮುಗಳನ್ನು ಲೇತ್ ಯಂತ್ರಕ್ಕೆ ಹಾಕಿ ಹೆರೆಸಬೇಕು. ಮಳೆ ಬಂದರೆ ಕರೆಂಟಿಲ್ಲ, ಮತ್ತು ಆ ವರ್ಷ ಮಳೆ ದಿನ ಬಿಡದೆ ಬಂತು. ಹೆಬ್ಬಾಳದ ಕೆಳಸೇತುವೆಯಲ್ಲಿ ನೀರು ನಿಂತು ನಾನು ಎರಡು ಸಲ ಅರ್ಧ ದಾರಿಯಿಂದ ವಾಪಸು ಬಂದೆ. ಹಳೆಯ ಗಾಡಿಗೆ ಹೊಂದುವ ರಬ್ಬರುಗಳನ್ನು ಹುಡುಕಿ ಯಶವಂತಪುರದಿಂದ ಆರ್.ಟಿ. ನಗರದವರೆಗೆ ಅಂಗಡಿ ಅಂಗಡಿ ಅಲೆದೆ. ನಿವೃತ್ತನಾದ ಮೇಲೆ ಯಾರೂ ನನ್ನನ್ನು ಅಷ್ಟು ತುರ್ತಾಗಿ ಎಲ್ಲಿಗೂ ಕಳಿಸಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಅತ್ತಿಗೆಯ ಮುಂದೆ ತೋರಿಸಿಕೊಳ್ಳಲಿಲ್ಲ.

ತೋರಿಸಿಕೊಳ್ಳುವ ಹಾಗೂ ಇರಲಿಲ್ಲ. ಆ ಐದು ವಾರ ಅತ್ತಿಗೆ ಬಸ್ಸಿನಲ್ಲಿ ಓಡಾಡಿದರು. ಬೆಳಗಿನ ಬಸ್ಸು ಸಿಕ್ಕಿ, ಇಳಿದು, ನಡೆದು, ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಏಳಾಗುತ್ತಿತ್ತು. ದೂರಕ್ಕೇ ಹಸು ಕೂಗುವುದು ಕೇಳುತ್ತಿತ್ತಂತೆ. "ಕೆಚ್ಚಲು ಬಸ್ ಟೈಮ್ ನೋಡ್ಕಂಡು ತುಂಬ್ತದಾ?" ಎಂದು ಒಂದು ದಿನ ಛತ್ರಿ ಮಡಿಸುತ್ತಾ ಕೇಳಿದರು. ಮೂರನೇ ವಾರಕ್ಕೆ ಒಂದು ಹಸುವಿನ ಕೆಚ್ಚಲು ಊದಿಕೊಂಡಿತು, ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಮಂಜು ಹಸು ಕೊಳ್ಳುವವರೊಬ್ಬರ ನಂಬರನ್ನು ನನ್ನ ಫೋನಿಗೆ ಕಳಿಸಿದ. ಕೆಟ್ಟ ಹುಡುಗನಲ್ಲ. ತಾಯಿ ಮಳೆಯಲ್ಲಿ ನೆನೆದು ಬರುವುದನ್ನು ನೋಡಲಾರದವನು, ಅಷ್ಟೆ. ನಾನು ಆ ನಂಬರನ್ನು ಅಳಿಸಲೂ ಇಲ್ಲ, ಅತ್ತಿಗೆಗೆ ಹೇಳಲೂ ಇಲ್ಲ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಸೆಲ್ವಣ್ಣ ಫೋನು ಮಾಡಿದರು. "ಸಾರ್, ಬ್ರೇಕ್ ಎಲ್ಲಾ ಫಿಟ್ಟಿಂಗ್ ಆಯ್ತು. ಪೈಪಲ್ಲಿರೋ ಗಾಳಿ ತೆಗೀಬೇಕು. ತುಳಿಯೋಕೆ ಒಬ್ರು ಬೇಕು. ಅಮ್ಮನ್ನ ಕರ್ಕೊಂಡು ಬನ್ನಿ."

"ಯಾರಾದ್ರೂ ತುಳಿದ್ರೆ ಆಗಲ್ವಾ?"

"ಆಗುತ್ತೆ. ಆದ್ರೆ ಅಮ್ಮನಷ್ಟು ಪ್ರಾಕ್ಟೀಸು ಯಾರಿಗೂ ಇಲ್ಲ ಸಾರ್."

ನಿಜ. ಅತ್ತಿಗೆ ಸೀಟಿನಲ್ಲಿ ಕೂತರು, ಸೆಲ್ವಣ್ಣ ಹಿಂದಿನ ಚಕ್ರದ ಹತ್ತಿರ ಅಂಗಾತ ಮಲಗಿದರು. "ತುಳೀರಿ ಅಮ್ಮಾ... ತುಳೀರಿ... ಹಿಡ್ಕೊಳ್ಳಿ... ಬಿಡಿ." ಸಣ್ಣ ರಬ್ಬರ್ ನಳಿಕೆಯಲ್ಲಿ ಗುಳ್ಳೆಗುಳ್ಳೆಯಾಗಿ ಕಪ್ಪು ಆಯಿಲ್ ಬಾಟಲಿಗೆ ಇಳಿಯಿತು. ಆ ವಾಸನೆ ಶೆಡ್ಡಿನ ತುಂಬ ಹರಡಿತು. ನಾಲ್ಕು ಚಕ್ರಕ್ಕೂ ಹೀಗೇ. ಅತ್ತಿಗೆಯ ಕಾಲು ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. ಕೊನೆಗೆ ಗುಳ್ಳೆ ನಿಂತು ಜೇನಿನಂಥ ಆಯಿಲ್ ಮಾತ್ರ ಬಂತು. "ಅಯ್ಯೋ, ಇದ್ಯಾಕಪ್ಪ ಮೇಲೇ ನಿಂತ್ಕಂತು? ಪೆಡ್ಲು ಒಳಿಕ್ ಓಗಾಕಿಲ್ಲ" ಎಂದು ಅತ್ತಿಗೆ ಗಾಬರಿಯಾದರು. ಸೆಲ್ವಣ್ಣ ಮಲಗಿದಲ್ಲಿಂದಲೇ, "ಅದು ಹಾಗೇ ಇರ್ಬೇಕಮ್ಮಾ, ಇಷ್ಟು ವರ್ಷ ಇದ್ದಿದ್ದೇ ತಪ್ಪು" ಎಂದರು.

ಅಂದೇ ಅತ್ತಿಗೆ ಕಾರನ್ನು ಬೀದಿಗೆ ತೆಗೆದರು. ನಾನು ಪಕ್ಕದಲ್ಲಿ. ನಾಯಿಯೊಂದು ಅಡ್ಡ ಬಂತು. ಅತ್ತಿಗೆ ಅಭ್ಯಾಸಬಲದಿಂದ ಮೂರು ಸಲದ ಲೆಕ್ಕದಲ್ಲಿ ಮೊದಲ ತುಳಿತವನ್ನೇ ಜೋರಾಗಿ ತುಳಿದರು. ಕಾರು ಒಂದಕ್ಕೇ ನಿಂತಿತು. ನಾನು ನಿಲ್ಲಲಿಲ್ಲ, ನನ್ನ ಹಣೆ ಡ್ಯಾಶ್‌ಬೋರ್ಡಿಗೆ ತನ್ನ ಗೌರವ ಸಲ್ಲಿಸಿತು. ನಾಯಿ ನಮ್ಮನ್ನು ಕನಿಕರದಿಂದ ನೋಡಿ ಹೋಯಿತು.

"ಏಳಿದ್ ತಕ್ಷಣ ಮಾತು ಕೇಳ್ತದೆ ಕಣಪ್ಪ ಇದು. ಭಯ ಆಯ್ತದೆ," ಎಂದು ಅತ್ತಿಗೆ ಗೇರು ಬದಲಾಯಿಸಿದರು. ಭಯದ ಛಾಯೆ ಮುಖದಲ್ಲಿರಲಿಲ್ಲ. ಏಕವಚನ ಮರಳಿ ಬಂದದ್ದನ್ನು ನಾನು ಹಣೆ ತಿಕ್ಕಿಕೊಳ್ಳುತ್ತಲೇ ಗಮನಿಸಿದೆ.

ಇನ್ನು ಉಳಿದದ್ದು ಇಳಿಸುವುದು. ಸೆಲ್ವಣ್ಣ ಮೇಲಿನ ಕ್ಯಾರಿಯರನ್ನು ಆಗಲೇ ಕಳಚಿ ಮೂಲೆಗೆ ಒರಗಿಸಿದ್ದರು. ಅಣ್ಣ ಹಾಕಿಸಿದ್ದ ಎರಡು ಪ್ಲೇಟನ್ನು ತೆಗೆದರು. ಉಳಿದವನ್ನು ಯಶವಂತಪುರದ ಕುಲುಮೆಯೊಂದಕ್ಕೆ ಒಯ್ದು, ಕಾಯಿಸಿ ಬಡಿಸಿ, ಬಿಲ್ಲಿನಂತಿದ್ದ ಬಾಗನ್ನು ತಗ್ಗಿಸಿ ತಂದರು. ಮುಂದಿನ ಚಕ್ರಗಳ ಕಡೆಯೂ ಅಷ್ಟೇ ಇಳಿಸಿದರು. ಕೊನೆಯ ಬೋಲ್ಟು ಬಿಗಿಯುವ ಮೊದಲು ಕೇಳಿದರು: "ಅಮ್ಮಾ, ಡಿಕ್ಕೀಲಿ ಮಾಮೂಲಿ ಲೋಡ್ ಎಷ್ಟು? ಆ ಲೋಡಲ್ಲೇ ಅಳ್ದು ಬಿಗಿ ಮಾಡ್ತೀನಿ."

"ಎಲ್ಡು ಮೂಟೆ ಬೂಸಾ," ಎಂದರು ಅತ್ತಿಗೆ ಯೋಚಿಸದೆ.

ನಾನೂ ಯೋಚಿಸಲಿಲ್ಲ. ಪಕ್ಕದ ಅಂಗಡಿಯಿಂದ ಎರಡು ಮೂಟೆ ತರಿಸಿ ಡಿಕ್ಕಿಯಲ್ಲಿ ಇಟ್ಟೆವು. ನೆಲ ಸಮವಿದೆಯೇ ಎಂದು ನೀರುಮಟ್ಟ ಇಟ್ಟು ನೋಡಿದೆ, ಕಾರಿನ ನೆತ್ತಿಯ ಮೇಲೆ ಅಡ್ಡಪಟ್ಟಿ ಇಟ್ಟೆ, ಟೇಪನ್ನು ಮೂರು ಕಡೆ ಹಿಡಿದೆ. ಸಾವಿರದ ಐನೂರ ನಲವತ್ತೈದು. ಐದು ಮಿಲಿಮೀಟರ್ ಉಳಿತಾಯ. ಸೆಲ್ವಣ್ಣನಿಗೂ ನನಗೂ ಕಾಫಿ ಬಂತು. ನನ್ನ ಸೇವಾವಧಿಯಲ್ಲಿ ಅದಕ್ಕಿಂತ ನಿಖರವಾದ ಅಳತೆ ನಾನು ಮಾಡಿಲ್ಲ ಎಂದು ಅವರಿಗೂ ಅತ್ತಿಗೆಗೂ ಹೇಳಿದೆ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಅತ್ತಿಗೆ ಬೆಳಗಿನ ಹಾಲು ಕರೆದು, ನೇರವಾಗಿ ನೆಲಮಾಳಿಗೆಗೆ ಕಾರು ತಂದರು. ಮಂಜು ಬಂದಿದ್ದ. ಕಾರ್ಯದರ್ಶಿಯೂ ಬಂದಿದ್ದರು. ಅತ್ತಿಗೆ ತಟ್ಟೆಯ ಮೇಲೆ ಒಂದೇ ತುಳಿತಕ್ಕೆ ನಿಲ್ಲಿಸಿ ಇಳಿದು ಬಂದರು. ನಾನು ಗುಂಡಿ ಒತ್ತಿದೆ. ಯಂತ್ರ ಕುಯ್ ಎಂದು ಕೂಗಿ ಕೆಂಪು ದೀಪ ಹಚ್ಚಿತು. ಮತ್ತೆ ಒತ್ತಿದೆ. ಮತ್ತೆ ಕೆಂಪು.

ಟೇಪು ಹಿಡಿದೆ. ಸಾವಿರದ ಐನೂರ ಅರವತ್ತೆರಡು.

"ಚಿಕ್ಕಪ್ಪಾ, ರಾತ್ರೋರಾತ್ರಿ ಬೆಳೀತಾ ಇದು?" ಎಂದ ಮಂಜು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತಿಗೆ ಬೂಸಾ ಮೂಟೆಗಳನ್ನು ಕೊಟ್ಟಿಗೆಯಲ್ಲಿ ಇಳಿಸಿ ಬಂದಿದ್ದರು. ಮೂಟೆ ಇಳಿದದ್ದಕ್ಕೆ ಕಾರು ಎದ್ದಿತ್ತು. ಎತ್ತರ ಅಳೆದದ್ದು ಮೂಟೆ ಹೊತ್ತ ಕಾರನ್ನು. ನಿಲ್ಲಿಸಬೇಕಾದದ್ದು ಬರಿದಾದ ಕಾರನ್ನು. ಡಿಕ್ಕಿಯಲ್ಲಿ ಬೂಸಾ ಇಲ್ಲದ ಕಾರು ಎಂಬ ವಸ್ತು ಈ ಜಗತ್ತಿನಲ್ಲಿ ಇರಬಹುದು ಎಂದು ಅತ್ತಿಗೆಗೆ ಹೊಳೆದಿರಲಿಲ್ಲ. ಹಾಗೆ ಹೊಳೆಯುವಂತೆ ನನ್ನನ್ನೂ ನಮ್ಮ ಮನೆಯಲ್ಲಿ ಬೆಳೆಸಿರಲಿಲ್ಲ.

ಕಾರ್ಯದರ್ಶಿ ಮೆಲ್ಲಗೆ, "ಸರ್, ಹನ್ನೆರಡು ಮಿಲಿಮೀಟರ್ ತಾನೇ, ಆದ್ರೆ ಮಷೀನಿಗೆ ‘ತಾನೇ’ ಅನ್ನೋದು ಅರ್ಥ ಆಗಲ್ಲ" ಎಂದರು. ಅತ್ತಿಗೆ ಕಾರನ್ನು ಹಿಂದಕ್ಕೆ ತೆಗೆದು ಹೊರಗೆ ಮಳೆಯಲ್ಲಿ ನಿಲ್ಲಿಸಿ, ಅದರೊಳಗೇ ಕೂತರು. ನನ್ನ ಫೋನಿನಲ್ಲಿದ್ದ, ಹಸು ಕೊಳ್ಳುವವರ ಆ ನಂಬರು ನನಗೆ ನೆನಪಾಯಿತು. ಆ ಮಳೆಗಾಲದಲ್ಲಿ ನನಗೆ ನಾಚಿಕೆಯಾದದ್ದು ಆಗಲೇ.

ಸೆಲ್ವಣ್ಣ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ಪ್ಲೇಟ್ ತೆಗ್ದ್ರೆ ಮೂಟೆ ಹಾಕಿದ ದಿನ ಹಿಂಭಾಗ ರೋಡ್ ಹಂಪಿಗೆ ಹೊಡಿಯುತ್ತೆ ಸಾರ್. ನಾನು ಮಾಡಲ್ಲ. ಬೇಕಾದ್ರೆ ಹಿಂದೆ ತೂಕ ಇಡಿ. ಆದಷ್ಟೂ ತುದೀಲಿ ಇಟ್ರೆ ಅರವತ್ತು ಕೇಜಿ ಸಾಕು."

ಎರಡು ದಿನ ಯೋಚಿಸಿದೆ. ಮರಳಿನ ಚೀಲ ಇಟ್ಟರೆ ಒದ್ದೆಯಾಗಿ ಡಿಕ್ಕಿ ತುಕ್ಕು ಹಿಡಿಯುತ್ತದೆ, ಬೂಸಾ ಇಟ್ಟರೆ ಇಲಿ ಬರುತ್ತವೆ. ಮೂರನೇ ದಿನ ಅತ್ತಿಗೆಯೇ ಬಂದು ನನ್ನನ್ನು ಅಪಾರ್ಟ್‌ಮೆಂಟಿನ ಪಂಪುಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಕಟ್ಟಡಕ್ಕೆ ಪಾಯ ತೆಗೆಯುವಾಗ ಜೆಸಿಬಿ ಕಿತ್ತೆಸೆದ ನಮ್ಮ ಜಮೀನಿನ ಬಾಂದುಕಲ್ಲುಗಳು ಅಲ್ಲಿ ಹುಲ್ಲಿನಲ್ಲಿ ಬಿದ್ದಿದ್ದವು.

"ಇದು ಆಗಾಕಿಲ್ವಾ?" ಎಂದು ಅತ್ತಿಗೆ ಒಂದನ್ನು ಚಪ್ಪಲಿಯಿಂದ ಮುಟ್ಟಿ ಕೇಳಿದರು.

ಬಾಂದುಕಲ್ಲನ್ನು ಅಲುಗಾಡಿಸುವುದು ಶಿಕ್ಷಾರ್ಹ ಎಂದು ಮೂವತ್ತೊಂದು ವರ್ಷ ರೈತರನ್ನು ಹೆದರಿಸಿದವನು ನಾನು. "ಅತ್ತಿಗೆ, ಕಾನೂನು ಪ್ರಕಾರ..." ಎಂದು ಶುರು ಮಾಡಿದೆ.

"ಜಮೀನೇ ಇಲ್ವಲ್ಲೋ. ಅದು ಇನ್ಯಾವ ಎಲ್ಲೆ ಕಾಯ್ತದೆ? ನೀನ್ ಒಂದ್ ಕಡೆ ಇಡ್ಕೋ."

ಇಬ್ಬರೂ ಏದುಸಿರು ಬಿಡುತ್ತಾ ಎತ್ತಿದೆವು. ಸೆಲ್ವಣ್ಣ ಸ್ವತಃ ಬಂದು ಡಿಕ್ಕಿಯ ಕೊನೆಯಲ್ಲಿ ಕಲ್ಲನ್ನು ಅಡ್ಡ ಮಲಗಿಸಿ, ಮೇಲೆ ಎರಡು ಕಬ್ಬಿಣದ ಪಟ್ಟಿ ಹಾಕಿ ಬೋಲ್ಟು ಬಿಗಿದರು. "ಈಗ ಬ್ರೇಕ್ ಒಂದಕ್ಕೇ ಹಿಡಿಯುತ್ತೆ ಸಾರ್. ಕಟ್ಟದಿದ್ರೆ ಕಲ್ಲು ಸೀಟ್ ಸೀಳ್ಕೊಂಡು ಮುಂದಕ್ಕೆ ಬರುತ್ತೆ." ಕಾರ್ಯದರ್ಶಿ ನೋಡಿ, ವಾಹನದಲ್ಲಿ ಸರಕು ಸಂಗ್ರಹಿಸಬಾರದು ಎಂಬ ನಿಯಮವಿದೆ, ಇದು ಸರಕಾಗುವುದಿಲ್ಲವೇ ಎಂದರು. ನಾನು ಅಂದೇ ಅವರಿಗೆ ಒಂದು ಪುಟದ ಪತ್ರ ಬರೆದೆ: ಸದರಿ ಕಲ್ಲು ಬೋಲ್ಟುಗಳ ಮೂಲಕ ಸದರಿ ವಾಹನಕ್ಕೆ ಶಾಶ್ವತವಾಗಿ ಜೋಡಿಸಲ್ಪಟ್ಟಿರುವುದರಿಂದ ಅದನ್ನು ವಾಹನದ ಭಾಗವೆಂದು ಪರಿಗಣಿಸತಕ್ಕದ್ದು. ಕೆಳಗೆ ಸಹಿ, ನಿವೃತ್ತ ಸರ್ವೇಯರ್. ಉತ್ತರ ಬರಲಿಲ್ಲ. ಸರ್ಕಾರಿ ಭಾಷೆಗೆ ಉತ್ತರ ಬರುವುದಿಲ್ಲ ಎಂಬುದು ಅದರ ದೊಡ್ಡ ಗುಣ.

ಆಯುಧಪೂಜೆಯ ಹಿಂದಿನ ಸಂಜೆ ಅತ್ತಿಗೆ ಕಾರನ್ನು ತಟ್ಟೆಯ ಮೇಲೆ ತಂದು ನಿಲ್ಲಿಸಿದರು. ಡಿಕ್ಕಿಯಲ್ಲಿ ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಎತ್ತರ ಸಾವಿರದ ಐನೂರ ನಲವತ್ತೇಳು ಮಿಲಿಮೀಟರ್ ಬಂತು. ಈ ಸಲ ಗುಂಡಿ ಒತ್ತಿದವನು ಮಂಜು. ಹಸಿರು ದೀಪ ಬಂದು ಕಾರು ಮೇಲಕ್ಕೆ ಹೋಯಿತು. ಅವನು ಕತ್ತೆತ್ತಿ ನೋಡುತ್ತಾ, "ಅಮ್ಮಾ, ನಾಳೆ ನಿಂಬೆಹಣ್ಣು ಎಷ್ಟು ತರ್ಲಿ?" ಎಂದು ಕೇಳಿದ.

"ನಾಕು ಚಕ್ರಕ್ಕೆ ನಾಕು. ಇನ್ನೆಷ್ಟೋ?"

ನಾನು ಆ ನಂಬರನ್ನು ಅಳಿಸಿದೆ.

ಕಾರು ಈಗ ದಿನಾ ಬೆಳಗ್ಗೆ ಐದೂಕಾಲಿಗೆ ಕೆಳಗಿಳಿಯುತ್ತದೆ. ಹಸುಗಳು ಮೂರಾಗಿವೆ.